ಎರಡನೆಯ ಬೆಳಕು

ಚಿತ್ತವಾಡ್ಗಿಯಲ್ಲಿ ಅನುಸೂಯಾಳನ್ನು ಬರೀ ಅನುಸೂಯಾ ಎಂದರೆ ಯಾರಿಗೂ ಗುರುತು ಸಿಗುವುದಿಲ್ಲ. ಫೋಟೋ ಅನುಸೂಯಕ್ಕ ಎನ್ನಬೇಕು, ಆಗ ಆಟೋದವನು ಕೇಳದೆಯೇ ಬಾಗಿಲಿಗೆ ಬಿಡುತ್ತಾನೆ. ಹಿಟ್ಟಿನ ಗಿರಣಿಯ ಪಕ್ಕ ಒಂದೇ ಕೋಣೆಯ ಸ್ಟುಡಿಯೋ. ಒಂದು ಸ್ಟೂಲು, ಒಂದು ಕಂಪ್ಯೂಟರು, ಹಿಂದೆ ನೀಲಿ ಪರದೆ. ಪರದೆಯ ಮೇಲೆ ಕೂತ ಜೋಳದ ಹಿಟ್ಟನ್ನು ಝಾಡಿಸುವುದರಿಂದ ಆಕೆಯ ದಿನ ಶುರುವಾಗುತ್ತದೆ. ಕುಬಸ, ತೊಟ್ಟಿಲು ಅಂತ ಹೆಂಗಸರ ಕಾರ್ಯ ಎಲ್ಲಿದ್ದರೂ ಆಕೆಗೇ ಕರೆ. ಗಂಡಸು ಫೋಟೋದವನ ಮುಂದೆ ಬಿಗಿದುಕೊಂಡು ನಿಲ್ಲುವವರು ಇವಳ ಮುಂದೆ ಸೆರಗು ಸರಿಮಾಡಿಕೊಂಡು ಸಲೀಸಾಗಿ ನಗುತ್ತಾರೆ.

ಆಕೆಯ ಕ್ಯಾಮೆರಾ ಮೊದಲು ಗಾದಿಲಿಂಗಪ್ಪನದು. ಹಂಪಿ ಬಜಾರ್‌ನಲ್ಲಿ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದವನು, ಎಲ್ಲರ ಕೈಗೂ ಫೋನು ಬಂದಮೇಲೆ ಎಳನೀರು ಕೊಚ್ಚಲು ಕೂತ. ಹಣೆಯಲ್ಲೇ ಫ್ಲ್ಯಾಶ್ ಇರುವ ಆ ಯಂತ್ರವನ್ನು ಇವಳಿಗೆ ಕೊಡುವಾಗ ಎಲ್ಲ ಹೇಳಿಕೊಟ್ಟು, ಅದರಲ್ಲಿದ್ದ ಕಣ್ಣಿನ ಗುರುತೊಂದನ್ನು ತೋರಿಸಿ, ಇದನ್ನು ಮಾತ್ರ ಮುಟ್ಟಬೇಡ, ತೆಗೆದರೆ ಜನರ ಕಣ್ಣು ದೆವ್ವದಂತೆ ಕೆಂಪಗೆ ಬರುತ್ತವೆ ಎಂದಿದ್ದ. ಆಕೆ ಮುಟ್ಟಲಿಲ್ಲ. ಗುಂಡಿ ಒತ್ತಿದರೆ ಫ್ಲ್ಯಾಶ್ ಒಮ್ಮೆ ಮಿಂಚಿ, ಒಂದು ಉಸಿರಿನಷ್ಟು ತಡೆದು, ಮತ್ತೊಮ್ಮೆ ಮಿಂಚುತ್ತಿತ್ತು. ವಯಸ್ಸಾದ ಯಂತ್ರ, ಏದುಸಿರು ಬಿಡುತ್ತದೆ ಎಂದುಕೊಂಡಿದ್ದಳು. ಫೋಟೋಗಳಲ್ಲಿ ಕಣ್ಣು ಮುಚ್ಚಿದವರು ಮಾತ್ರ ಬಹಳ ಜನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಅನುಸೂಯಾ ಊರ ಜನರ ರೆಪ್ಪೆಗಳನ್ನೇ ಬಯ್ದುಕೊಂಡು ಹತ್ತು ವರ್ಷ ದೂಡಿದಳು.

ಎರಡು ವರ್ಷದ ಹಿಂದೆ ಬುಕ್ಕಸಾಗರದಲ್ಲಿ ಗಾಯತ್ರಿ ಎಂಬ ಚೊಚ್ಚಲ ಬಸುರಿಯ ಕುಬಸ. ಅಂಗಳದ ಬಿಸಿಲಲ್ಲಿ ಗಾಯತ್ರಿಯ ಫೋಟೋಗಳು ಚೆಂದ ಬಂದವು. ಅವಳ ತಾಯಿ ಬಸಕ್ಕ ಮಾತ್ರ ಒಳಗೆ, ದೇವರ ಜಗುಲಿಯ ಹತ್ತಿರವೇ ತೆಗೆಯಬೇಕೆಂದಳು. ಕತ್ತಲೆ ಮೂಲೆ, ಫ್ಲ್ಯಾಶ್ ಹಾಕಲೇಬೇಕು. ಮೂರು ಸಲ ತೆಗೆದರೂ ಮೂರರಲ್ಲೂ ಕಣ್ಣು ಮುಚ್ಚಿತ್ತು. ಈಕೆಗೆ ರೆಪ್ಪೆ ಭಾರ ಎಂದು ಅನುಸೂಯಾ ನಕ್ಕಳು, ಬಸಕ್ಕನೂ ನಕ್ಕಳು, ಮಾತು ಅಲ್ಲಿಗೇ ಮುಗಿಯಿತು.

ಮುಗಿಯಲಿಲ್ಲ. ಹೋದ ಮಳೆಗಾಲ ಜ್ವರ ಬಂದು, ಎಂಟು ದಿನ ಮಲಗಿ, ಬಸಕ್ಕ ತೀರಿಕೊಂಡಳು. ಗೋಡೆಗೆ ಹಾಕಲು ಮುಖದ ಫೋಟೋ ಬೇಕೆಂದರೆ ಇರಲಿಲ್ಲ. ಫೋನಿನಲ್ಲಿದ್ದವು ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗಿನವು, ಬೆನ್ನು ಮಾತ್ರ. ಆಧಾರ್ ಕಾರ್ಡಿನ ಚಿತ್ರ ಯಾರದೆಂದು ಬಸಕ್ಕನಿಗೇ ಗುರುತು ಸಿಕ್ಕಿರಲಿಲ್ಲ. ಅನುಸೂಯಾ ಆಗ ಒಂದು ಕೆಲಸ ಮಾಡಿದಳು. ಬಸಕ್ಕನ ಫೋಟೋವನ್ನು ಭುಜದವರೆಗೆ ಕತ್ತರಿಸಿ, ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಕೂರಿಸಿದಳು. ಅದೇ ಕುಬಸದ ಫೋಟೋದಿಂದ ತೆಗೆದ, ಗಾಯತ್ರಿಯ ಕಣ್ಣು. ತಾಯಿ ಮಗಳದು ಒಂದೇ ಅಚ್ಚು, ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದಳು.

ತಿಂಗಳ ಮೇಲೆ ಗಾಯತ್ರಿ ಸ್ಟುಡಿಯೋಗೆ ಬಂದಳು. ಕಂಕುಳಲ್ಲಿ ಮಗು. ಜಗಳ ಮಾಡಲಿಲ್ಲ, ಮಾಡಿದ್ದರೆ ಅನುಸೂಯಾಳಿಗೆ ಹಗುರಾಗುತ್ತಿತ್ತು.

"ಅಕ್ಕಾ, ಅವು ನನ್ನ ಕಣ್ಣು," ಎಂದಳು. "ಗ್ವಾಡಿ ಮ್ಯಾಲಿಂದ ನಮ್ಮವ್ವ ನೋಡವಲ್ಲಳು. ನನ್ನ ನಾನೇ ನೋಡಿಕೊಂಡಂಗ ಆಗತೈತಿ."

ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದಾಳಂತೆ. ಅವತ್ತಿನಿಂದ ಅನುಸೂಯಾಳಿಗೆ ಅನ್ನ ರುಚಿಸಲಿಲ್ಲ. ಸತ್ತವಳ ಮುಖದ ಮೇಲೆ ಕೈ ಆಡಿಸಿದೆ, ಬದುಕಿದವಳಿಂದ ತಾಯಿಯನ್ನು ಕಿತ್ತುಕೊಂಡೆ ಎಂಬ ಸಂಕಟ. ಸರಿಪಡಿಸೋಣವೆಂದರೆ ಬಸಕ್ಕನ ತೆರೆದ ಕಣ್ಣು ಲೋಕದಲ್ಲಿ ಎಲ್ಲೂ ಉಳಿದಿರಲಿಲ್ಲ.

ಹೀಗಿರುವಾಗ ಬಸಕ್ಕನ ಅಕ್ಕ ತಿಪ್ಪಕ್ಕ ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಬಂದಳು. ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಫ್ಲ್ಯಾಶ್ ಮಿಂಚಿತು, ಮತ್ತೆ ಮಿಂಚಿತು. ನೋಡಿದರೆ ಕಣ್ಣು ಮುಚ್ಚಿತ್ತು, ಎರಡೂ ಕೈ ಎದೆಯ ಮುಂದೆ ಜೋಡಿಕೊಂಡಿದ್ದವು. ಇನ್ನೊಂದು ತೆಗೆದರೆ ಅದೂ ಹಾಗೆಯೇ. ಅರ್ಜಿ ಫೋಟೋಗೆ ಯಾಕೆ ಕೈ ಮುಗಿಯುತ್ತೀರಿ ಎಂದು ಅನುಸೂಯಾ ಸ್ವಲ್ಪ ಗಡುಸಾಗಿಯೇ ಕೇಳಿದಳು.

ತಿಪ್ಪಕ್ಕನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಸಂಜಿಗೆ ಲೈಟ್ ಹಾಕಿದಾಗ ನೀ ಕೈ ಮುಗಿಯಂಗಿಲ್ಲೇನವಾ? ಬೆಳಕು ಬಂತಂದ್ರ ಕಣ್ಣು ಮುಚ್ಚಿ ಮುಗೀಬೇಕು. ನಮ್ಮವ್ವ ನನಗ, ಬಸಕ್ಕಗ ಹಂಗ ಕಲಿಸ್ಯಾಳ."

ಬೆಳಕು ಬಂದಮೇಲೆ ಮುಚ್ಚಿದ ಕಣ್ಣು ಫೋಟೋದಲ್ಲಿ ಬರುವುದು ಹೇಗೆ ಎಂದು ಅನುಸೂಯಾ ಕ್ಯಾಮೆರಾ ತಿರುಗಿಸಿ ನೋಡಿದಳು. ತಿಪ್ಪಕ್ಕನಿಗೆ ಚಹಾ ತರಿಸಿ ಕೂರಿಸಿದಳು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಟೈಮರ್ ಇಟ್ಟು, ತಾನೇ ಸ್ಟೂಲಿನ ಮೇಲೆ ಕೂತಳು. ಮೊದಲ ಬೆಳಕಿಗೆ ಬೇಕೆಂದೇ ಕಣ್ಣು ಮುಚ್ಚಿದಳು. ಫೋಟೋದಲ್ಲಿ ಕಣ್ಣು ಮುಚ್ಚಿತ್ತು. ಮುಂದಿನ ಸಲ ಎರಡನೆಯ ಬೆಳಕು ಹೋಗುವವರೆಗೂ ರೆಪ್ಪೆ ಅಲುಗಿಸಲಿಲ್ಲ, ಕಣ್ಣು ತೆರೆದಿತ್ತು. ಕಣ್ಣಿನ ಗುರುತನ್ನು ತೆಗೆದುಹಾಕಿ ಒತ್ತಿದಳು; ಆ ತಡೆಯೇ ಇಲ್ಲದೆ, ಒಂದೇ ಬೆಳಕಿನಂತೆ ಮಿಂಚಿ ಮುಗಿಯಿತು. ಮೊದಲನೆಯದು ಕೆಂಪಗೆ ಬರದಂತೆ ಕಣ್ಣನ್ನು ಬೆಳಕಿಗೆ ಹೊಂದಿಸುವುದಕ್ಕೆ, ಚಿತ್ರ ಬೀಳುವುದು ಎರಡನೆಯದಕ್ಕೆ. ನಡುವೆ ಇರುವ ಒಂದು ಉಸಿರಿನಲ್ಲಿ ಜನ ಆಯಿತೆಂದು ರೆಪ್ಪೆ ಬಡಿಯುತ್ತಾರೆ. ಬಸಕ್ಕ, ತಿಪ್ಪಕ್ಕನಂಥವರು ನಮಸ್ಕಾರ ಮಾಡುತ್ತಾರೆ. ಯಂತ್ರಕ್ಕೆ ಏದುಸಿರೂ ಇರಲಿಲ್ಲ, ಜನರ ರೆಪ್ಪೆಯೂ ಭಾರವಿರಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿದ್ದವಳು ತಾನೊಬ್ಬಳೇ.

ತಿಪ್ಪಕ್ಕನನ್ನು ಮತ್ತೆ ಕೂರಿಸಿ ಟ್ಯೂಬ್‌ಲೈಟ್ ಹಾಕಿದಳು. ತಿಪ್ಪಕ್ಕ ಅದಕ್ಕೆ ಕೈ ಮುಗಿದು, ಕಣ್ಣು ಬಿಟ್ಟು, ನಿರಾಳವಾಗಿ ನೋಡಿದಳು. ಆಗ ಅನುಸೂಯಾ ಫ್ಲ್ಯಾಶ್ ಇಲ್ಲದೆಯೇ ಗುಂಡಿ ಒತ್ತಿದಳು. ಅರ್ಜಿಯ ಫೋಟೋ ಅಷ್ಟು ಚೆಂದ ಬಂದದ್ದು ಆ ಸ್ಟುಡಿಯೋದಲ್ಲಿ ಅದೇ ಮೊದಲು.

ಮುದುಕಿ ಹೋದಮೇಲೆ ಕಂಪ್ಯೂಟರಿನಲ್ಲಿ ಬಸಕ್ಕನ ಮೂಲ ಫೋಟೋ ತೆರೆದಳು, ಕತ್ತರಿಸದೆ ಇದ್ದದ್ದು. ಜಗುಲಿಯ ಪಕ್ಕ ಬಸಕ್ಕ ನಿಂತಿದ್ದಾಳೆ. ತಲೆ ಚೂರು ಬಾಗಿದೆ. ನಾಟಿಯ ಕೆಸರಿನಿಂದ ಉಗುರಿನ ಅಂಚು ಕಪ್ಪಾದ ಎರಡು ಕೈ, ಹಸಿರು ಬಳೆ ತೊಟ್ಟು, ಎದೆಯ ಮುಂದೆ ಜೋಡಿಕೊಂಡಿವೆ. ಜಗುಲಿಯ ದೇವರಿಗೆ ಮುಗಿದದ್ದೆಂದುಕೊಂಡು ಆ ಕೈಗಳನ್ನೇ ಅನುಸೂಯಾ ಕತ್ತರಿಸಿ ಎಸೆದಿದ್ದಳು. ಕಂಪ್ಯೂಟರಿನ ಮುಂದೆ ಕೂತು ಸಾಕಾಗುವಷ್ಟು ಅತ್ತಳು.

ಮರುದಿನ ಅದನ್ನೇ ಪೂರ್ತಿಯಾಗಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬುಕ್ಕಸಾಗರಕ್ಕೆ ಹೋದಳು. ಎರಡು ಬೆಳಕಿನ ಕತೆಯನ್ನು, ತನ್ನ ತಪ್ಪನ್ನು ಒಂದೂ ಬಿಡದೆ ಗಾಯತ್ರಿಗೆ ಹೇಳಿದಳು. "ನಿಮ್ಮವ್ವ ನಿದ್ದಿ ಮಾಡಿದ್ದಲ್ಲವ್ವಾ, ರೆಪ್ಪಿ ಬಡದದ್ದೂ ಅಲ್ಲ. ನನ್ನ ಬೆಳಕಿಗೆ ಕೈ ಮುಗಿದಾಳ. ನಾ ತಿಳೀಲಿಲ್ಲ."

ಗಾಯತ್ರಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಆ ಕೈಗಳ ಮೇಲೆ ಬೆರಳಾಡಿಸಿದಳು. ದಿನಾ ಸಂಜೆ ನಮ್ಮವ್ವ ಹೀಗೇ ನಿಲ್ಲುತ್ತಿದ್ದಳು, ಮರೆತೇಬಿಟ್ಟಿದ್ದೆ ಎಂದಳು. ಗೋಡೆಗೆ ತಿರುಗಿಸಿದ್ದ ಹಳೆಯದನ್ನು ಇಳಿಸಿ, ಇದನ್ನು ಮೊಳೆಗೆ ತೂಗುಹಾಕಿದಳು. ಆಮೇಲೆ ಅದರ ಕೆಳಗೆ ಮಗುವನ್ನೆತ್ತಿಕೊಂಡು ನಿಂತು, ತಮ್ಮದೊಂದು ತೆಗೆಯಲು ಕೇಳಿದಳು.

ಕಣ್ಣು ಮುಚ್ಚದ ಹಾಗೆ ತೆಗೆಯಲು ಈಗ ತನಗೆ ಬರುತ್ತದೆ ಎಂದು ಅನುಸೂಯಾ ಹೇಳಿದಳು.

"ಬ್ಯಾಡಕ್ಕಾ," ಎಂದಳು ಗಾಯತ್ರಿ. "ಎರಡು ಬೆಳಕಿಂದೇ ತೆಗಿ."

ಅನುಸೂಯಾ ಕಣ್ಣಿನ ಗುರುತನ್ನು ಮತ್ತೆ ಹಾಕಿ ಗುಂಡಿ ಒತ್ತಿದಳು. ಮೊದಲ ಬೆಳಕು ಮಿಂಚಿತು. ಗಾಯತ್ರಿ ಮಗುವಿನ ಎರಡು ಪುಟ್ಟ ಕೈಗಳನ್ನು ತನ್ನ ಕೈಯೊಳಗೆ ಜೋಡಿಸಿ ಹಿಡಿದು, ಕಣ್ಣು ಮುಚ್ಚಿದಳು. ಎರಡನೆಯ ಬೆಳಕು ಬಂದಾಗ ಗೋಡೆಯ ಮೇಲೊಬ್ಬಳು, ಫೋಟೋದ ಕೆಳಗೊಬ್ಬಳು, ತಾಯಿ ಮಗಳಿಬ್ಬರೂ ಕೈ ಮುಗಿದೇ ಇದ್ದರು.