ಹಳದಿ ಅಕ್ಷರ, ಬಿಳಿ ಅಕ್ಷರ

ಆ ಕಂಪನಿಯ ಫೋನು ಯಾರ ಜೇಬಿನಲ್ಲಿಲ್ಲ ಹೇಳಿ. ಅದನ್ನು ಕಟ್ಟಿ ಬೆಳೆಸಿದ ಯಜಮಾನರ ಮುಖ ಗುರುತಿಲ್ಲದವರೂ ಇಲ್ಲ. ಹೊಸ ಫೋನು ಬಂದಾಗಲೆಲ್ಲ ಅವರು ವೇದಿಕೆ ಹತ್ತಿ, ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲದೆ, ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು. ಎಂಥಾ ನೆನಪಪ್ಪಾ ಇವರದು ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಜನರದೇನೂ ತಪ್ಪಿಲ್ಲ. ಯಜಮಾನರ ಎದುರಿಗೆ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿದ ಗಾಜಿನ ಹಲಗೆಗಳು ಸಭೆಯ ಕಡೆಯಿಂದ ನೋಡಿದರೆ ಬರೀ ಗಾಜು. ಯಜಮಾನರ ಕಡೆಯಿಂದ ನೋಡಿದರೆ ಅವುಗಳ ಮೇಲೆ ಭಾಷಣದ ಸಾಲುಗಳು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಏರುತ್ತಿರುತ್ತವೆ. ಅವನ್ನು ಏರಿಸುವವಳು ವೇದಿಕೆಯ ಪಕ್ಕದ ಕಪ್ಪು ಪರದೆಯ ಹಿಂದೆ ಕೂತಿರುತ್ತಿದ್ದಳು. ಎದುರಿಗೆ ಒಂದು ಕಂಪ್ಯೂಟರು, ಬಲಗೈಯಡಿ ಒಂದು ತಿರುಗುವ ಗುಂಡಿ, ತಲೆಗೆ ಹೆಡ್‌ಫೋನು. ಗುಂಡಿ ತಿರುಗಿಸಿದಷ್ಟು ಸಾಲು ಏರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅವಳನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಮೊದಲು ಅವಳು ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದಳು. ವಕೀಲರು ಅರಚಿಕೊಂಡದ್ದನ್ನೂ ಸಾಕ್ಷಿಗಳು ತೊದಲಿದ್ದನ್ನೂ ಒಂದೇ ವೇಗದಲ್ಲಿ ಕುಟ್ಟಿ ಕುಟ್ಟಿ, ಇನ್ನೊಬ್ಬರ ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಂದಕ್ಕೆ ಓಡುತ್ತದೆ ಎನ್ನುವುದು ಬೆರಳಿಗೆ ಹತ್ತಿಬಿಟ್ಟಿತ್ತು. ಗಾಜಿನ ಕೆಲಸಕ್ಕೆ ಬೇಕಾದದ್ದೂ ಅದೇ. ಮಾತಾಡುವವರನ್ನು ಎಳೆಯಬಾರದು, ತಳ್ಳಬಾರದು. ಅವರು ಉಗುಳು ನುಂಗಿದರೆ ಸಾಲು ನಿಲ್ಲಬೇಕು, ಹುರುಪಿಗೆ ಬಿದ್ದರೆ ಸಾಲೂ ಓಡಬೇಕು. ಯಜಮಾನರ ಜೊತೆ ಇಷ್ಟು ವರ್ಷ ಕೂತ ಮೇಲೆ, ಅವರು ಉಸಿರೆಳೆದುಕೊಳ್ಳುವ ಮುಂಚೆಯೇ ಇವಳ ಕೈ ತಡೆಯುತ್ತಿತ್ತು.

ಮನೆಯಲ್ಲಿ ಗಂಡ ರೇಗಿಸುತ್ತಿದ್ದ. ಅವನು ದರ್ಜಿ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡವನು. ಊರಿಗೆಲ್ಲ ಮಾತು ಹಾಕಿಕೊಟ್ಟು ಬರ್ತೀಯ, ಮನೆಗೆ ಬಂದರೆ ಬಾಯಿಗೆ ಬೀಗ ಎನ್ನುತ್ತಿದ್ದ. ಈಚೆಗೆ ಅವನ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕೂಗುತ್ತಿದ್ದ, ಕತ್ತರಿಸಿದ ಬಟ್ಟೆಯನ್ನು ಅವಳ ಮುಂದೆ ಹಿಡಿದು ಅಂಚು ನೆಟ್ಟಗಿದೆಯಾ ನೋಡು ಎನ್ನುತ್ತಿದ್ದ. ಗಿರಾಕಿಗಳು ಬುದ್ಧಿವಂತರು, ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾರಿಕೊಂಡಿದ್ದರು. ಈಗ ಮನೆಯ ಒಲೆ ಉರಿಯುತ್ತಿದ್ದುದು ಗಾಜಿನಿಂದಲೇ. ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೇ.

ಗಾಜಿನ ಕೆಲಸದಲ್ಲಿ ಯಜಮಾನರೂ ಅವಳೂ ಕೂಡಿ ಮಾಡಿಕೊಂಡ ಒಂದು ಕಟ್ಟಳೆ ಇತ್ತು. ಬಿಳಿ ಅಕ್ಷರ ಬಾಯಿಗೆ, ಹಳದಿ ಅಕ್ಷರ ಕಣ್ಣಿಗೆ. ಬಿಳಿಯದನ್ನು ಓದಿ ಹೇಳಬೇಕು. ಹಳದಿಯದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿಧಾನ, ನೀರು ಕುಡಿಯಿರಿ, ಬಲಗಡೆಯವರನ್ನೂ ನೋಡಿ, ಇಂಥ ಸಣ್ಣ ಮಾತುಗಳನ್ನು ಭಾಷಣದ ನಡುವೆಯೇ ಅವಳು ಹಳದಿಯಲ್ಲಿ ಬರೆದು ಕಳಿಸುತ್ತಿದ್ದಳು. ಯಜಮಾನರು ನೀರು ಕುಡಿಯುತ್ತಿದ್ದರು, ಬಲಕ್ಕೆ ತಿರುಗಿ ನಗುತ್ತಿದ್ದರು. ಸಭೆಯವರು ಅದನ್ನು ಸಹಜ ಗುಣ ಎಂದುಕೊಳ್ಳುತ್ತಿದ್ದರು.

ಆ ದಿನದ ಸಭೆಗೆ ಭಾಷಣದ ಪ್ರತಿ ಹಿಂದಿನ ದಿನ ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ಸಭಾಂಗಣದಲ್ಲಿ ಜನ ತುಂಬುತ್ತಿರುವಾಗ ಮೇಲ್ವಿಚಾರಕಿ ಬಂದಳು. ಕಾರ್ಯಕ್ರಮವನ್ನೆಲ್ಲ ನಡೆಸುವ ಹುಡುಗಿ, ಕಿವಿಗೆ ಅಂಟಿದ ಹಾಗೆ ಹೆಡ್‌ಫೋನು, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಭಾಷಣವನ್ನು ತಾನೇ ಕಂಪ್ಯೂಟರಿಗೆ ಹಾಕಿ, ಪಕ್ಕದಲ್ಲೇ ನಿಂತಳು. ಗಾಜಕ್ಕ ಓದಿದಳು. ಯಜಮಾನರು ಮುಖ್ಯ ಕಾರ್ಯನಿರ್ವಾಹಕರ ಸ್ಥಾನದಿಂದ ಇಂದೇ ಕೆಳಗಿಳಿಯುತ್ತಿದ್ದಾರೆ. ಅದರ ಕೆಳಗೆ ಕಾರಣಗಳ ಒಂದು ಉದ್ದನೆಯ ಪ್ಯಾರಾ. ಅದರ ಕೆಳಗೆ ಹೊಸಬರಿಗೆ ಸ್ವಾಗತ.

ಮೇಲ್ವಿಚಾರಕಿ ತಗ್ಗಿದ ದನಿಯಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದಳು. ಹೊಸ ಮುಖ್ಯಸ್ಥರು ವೇದಿಕೆಯ ತುಂಬ ಓಡಾಡಿಕೊಂಡು ಮಾತಾಡುವವರು, ಅವರಿಗೆ ಗಾಜು ಬೇಡವಂತೆ. ನಾಳೆಯಿಂದ ಅದು ಉಗ್ರಾಣಕ್ಕೆ ಹೋಗುತ್ತದೆ. ಆದರೆ ಕಂಪನಿಯ ತರಬೇತಿ ವಿಭಾಗದಲ್ಲಿ ಪಾಠಗಳನ್ನು ಚಿತ್ರೀಕರಿಸುವ ಕೋಣೆಯಿದೆ, ಅಲ್ಲಿ ಗಾಜು ನಡೆಸುವವರು ಒಬ್ಬರು ಬೇಕು.

"ಇವತ್ತು ಒಂದು ಅಕ್ಷರ ಆಚೀಚೆ ಆಗದ ಹಾಗೆ ನಡೆಸಿಕೊಡಿ ಗಾಜಕ್ಕ, ಆ ಜಾಗ ನಿಮ್ಮದು. ಕಾರಣದ ಪ್ಯಾರಾದಲ್ಲಿ ಒಂದೊಂದು ಪದಾನೂ ವಕೀಲರು ತೂಗಿ ಬರೆದಿರೋದು. ಅದು ತಪ್ಪಿದರೆ ನನ್ನ ಕೈಲಿ ಏನೂ ಮಾಡೋಕಾಗಲ್ಲ."

ಇದನ್ನು ಬೆದರಿಕೆ ಎನ್ನಲಾಗದು. ಹುಡುಗಿ ಕೆಟ್ಟವಳಲ್ಲ, ಅವಳ ತಲೆಯ ಮೇಲೂ ಯಾರೋ ಕೂತಿದ್ದರು. ಗಾಜಕ್ಕನಿಗೆ ಹೋದ ಜೀವ ಬಂದಂತಾಯಿತು. ತರಬೇತಿ ಕೋಣೆಯಾದರೇನು, ಉಗ್ರಾಣವಾದರೇನು, ಗಾಜು ಇದ್ದರಾಯಿತು ಎಂದುಕೊಂಡಳು.

ಅಷ್ಟು ಹೊತ್ತಿಗೆ ಯಜಮಾನರಿಂದ ಕರೆ ಬಂತು. ಬಣ್ಣದ ಕೋಣೆಯಲ್ಲಿ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕನ್ನಡಿಯ ಮುಂದೆ ಕೂತಿದ್ದರು. ಪೌಡರಿನ ಕೆಳಗೂ ಮುಖ ಬಿಳಿಚಿಕೊಂಡದ್ದು ಕಾಣುತ್ತಿತ್ತು. ಬಣ್ಣ ಹಚ್ಚುವವಳನ್ನು ಹೊರಗೆ ಕಳಿಸಿ, ಕನ್ನಡಿಯಲ್ಲೇ ಗಾಜಕ್ಕನನ್ನು ನೋಡುತ್ತ ಮಾತಾಡಿದರು.

"ಕಾರಣದ ಪ್ಯಾರಾ ನನ್ನದಲ್ಲ. ಅದನ್ನ ಓದೋಕೆ ನನಗೆ ನಾಚಿಕೆ. ಅಲ್ಲಿಗೆ ಬಂದಾಗ ಗಾಜು ಖಾಲಿ ಬಿಟ್ಟುಬಿಡಿ, ಗಾಜಕ್ಕ. ನನ್ನ ಮಾತು ನಾನೇ ಆಡ್ತೀನಿ."

ಆಗ ಅವಳು ಬಾಯಿ ಬಿಡಬೇಕಿತ್ತು. ಸರ್, ಹಾಗೆ ಮಾಡಿದರೆ ನನ್ನ ಕೆಲಸ ಹೋಗುತ್ತೆ ಎನ್ನಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಇನ್ನೊಬ್ಬರ ಮಾತು ಏರಿಸಿ ಏರಿಸಿ ಅಭ್ಯಾಸವಾದವಳಿಗೆ ತನ್ನ ಮಾತು ಏರಲಿಲ್ಲ. ಈ ಕಥೆ ಹೇಳುತ್ತಿರುವ ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ, ಜೊತೆಗೆ ಕರುಳೂ ಚುರುಕ್ ಎನ್ನುತ್ತದೆ. ಬಾಗಿಲು ತಟ್ಟುವ ಸದ್ದಾಯಿತು. ಆಗಲಿ ಸರ್ ಎಂದು ಹೊರಗೆ ಬಂದುಬಿಟ್ಟಳು.

ಕತ್ತಲಲ್ಲಿ ತನ್ನ ಸ್ಟೂಲಿನ ಮೇಲೆ ಕೂತ ಮೇಲೆ ತಾನು ಒಪ್ಪಿಕೊಂಡದ್ದೇನೆಂದು ತಿಳಿಯಿತು. ಗಾಜು ಖಾಲಿ ಬಿಟ್ಟರೆ ತರಬೇತಿ ಕೋಣೆ ಹೋಯಿತು. ಬಿಡದಿದ್ದರೆ, ಇಷ್ಟು ವರ್ಷ ತನ್ನ ಕೈಯನ್ನು ನಂಬಿ ಮಾತಾಡಿದ ಮನುಷ್ಯನಿಗೆ ಕಡೆಯ ದಿನ ಕೈ ಕೊಟ್ಟಂತೆ.

ಯಜಮಾನರು ವೇದಿಕೆಗೆ ಬಂದರು. ಚಪ್ಪಾಳೆ ನಿಲ್ಲುವುದಕ್ಕೇ ಎಷ್ಟೋ ಹೊತ್ತು ಹಿಡಿಯಿತು. ಮೊದಲ ಸಾಲುಗಳು ಎಂದಿನಂತೆ ಹೋದವು. ಕಂಪನಿ ಶುರುವಾದ ಕಥೆ, ಬಾಡಿಗೆ ಕೋಣೆ, ಹಳೆಯ ಗೆಳೆಯರು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕಪ್ಪು ಕೋಟಿನ ವಕೀಲರು ಮಾತ್ರ ನಗಲಿಲ್ಲ, ತೊಡೆಯ ಮೇಲೆ ಪ್ರತಿ ಇಟ್ಟುಕೊಂಡು ಬೆರಳಿನಿಂದ ಗೆರೆ ಹಿಡಿದು ಬರುತ್ತಿದ್ದರು. ಕೆಳಗಿಳಿಯುತ್ತಿದ್ದೇನೆ ಎಂಬ ಸಾಲು ಬಂತು. ಯಜಮಾನರು ಅದನ್ನು ಓದಿದರು. ಸಭೆಯಲ್ಲಿ ಒಂದು ನಿಟ್ಟುಸಿರಿನಂಥ ಸದ್ದು ಹಿಂದಿನ ಕುರ್ಚಿಗಳವರೆಗೂ ಹೋಗಿ ಅಡಗಿತು.

ಗಾಜಕ್ಕ ಕಂಪ್ಯೂಟರಿನ ಕೀಲಿ ಒತ್ತಿ ಗಾಜು ಖಾಲಿ ಮಾಡಿದಳು.

ಯಜಮಾನರು ಬಾಯಿ ತೆರೆದರು. ಮಾತು ಬರಲಿಲ್ಲ. ಎಡಗಡೆಯ ಗಾಜು ನೋಡಿದರು, ಬಲಗಡೆಯದನ್ನು ನೋಡಿದರು, ಮತ್ತೆ ಎಡಕ್ಕೆ ತಿರುಗಿದರು. ಸಭೆ ಮೊದಲು ಅದನ್ನು ದುಃಖ ಎಂದುಕೊಂಡು ಗೌರವದಿಂದ ಕಾದಿತು. ಆಮೇಲೆ ಕುರ್ಚಿಗಳು ಕಿರುಗುಟ್ಟತೊಡಗಿದವು. ನನ್ನ ಮಾತು ನಾನೇ ಆಡುತ್ತೇನೆ ಎಂದ ಮನುಷ್ಯನ ಬಳಿ ಒಂದು ಮಾತೂ ಇಲ್ಲ ಎನ್ನುವುದು ಆ ಸಭಾಂಗಣದಲ್ಲಿ ಗೊತ್ತಾಗಿದ್ದುದು ಅವಳೊಬ್ಬಳಿಗೆ.

ಹೆಡ್‌ಫೋನಿನಲ್ಲಿ ಮೇಲ್ವಿಚಾರಕಿಯ ದನಿ ಬಂತು. "ಗಾಜು ಯಾಕೆ ಖಾಲಿ? ಪ್ಯಾರಾ ಹಾಕಿ. ಗಾಜಕ್ಕ, ಈಗಲೇ ಹಾಕಿ."

ಹಾಕಿಬಿಡಬಹುದಿತ್ತು. ಯಂತ್ರ ತಡೆಯಿತು ಎಂದರೆ ಎಲ್ಲರೂ ನಂಬುತ್ತಿದ್ದರು, ಕೆಲಸವೂ ಉಳಿಯುತ್ತಿತ್ತು. ಅವಳ ಬೆರಳು ಆ ಕೀಲಿಯ ಹತ್ತಿರಕ್ಕೂ ಹೋಯಿತು. ವೇದಿಕೆಯ ಮೇಲೆ ಯಜಮಾನರು ಇನ್ನೂ ಗಾಜಿನ ಕಡೆಯೇ ನೋಡುತ್ತಿದ್ದರು. ಇವರಿಗೆ ಧೈರ್ಯಕ್ಕೊಂದು ಮಾತು ಬೇಕು, ನಿಧಾನ ಅಂತಲೋ ನೀರು ಅಂತಲೋ ಬರೆಯೋಣ ಎಂದು ಅವಳು ಎರಡೂ ಕೈಗಳನ್ನು ಕೀಲಿಗಳ ಮೇಲಿಟ್ಟಳು. ಬೆರಳುಗಳು ಅದನ್ನು ಬರೆಯಲಿಲ್ಲ. ಬಣ್ಣದ ಕೋಣೆಯಲ್ಲಿ ನಾಲಿಗೆ ತುದಿಯಲ್ಲೇ ಉಳಿದಿದ್ದನ್ನು ಬರೆದವು. ನಿಮಗಷ್ಟೇ ಅಲ್ಲ ಸರ್, ನನಗೂ ಹೀಗೇ ಆಗುತ್ತಿದೆ ಎಂದು ಅವರಿಗೊಬ್ಬರಿಗೆ ತಿಳಿಯಲಿ ಎಂದು. ಬರೆದು, ಕಳಿಸಿ, ತಲೆಯೆತ್ತಿ ನೋಡಿದರೆ ಅವಸರದಲ್ಲಿ ಬಣ್ಣ ಬದಲಾಯಿಸುವುದನ್ನೇ ಮರೆತಿದ್ದಳು. ಗಾಜಿನ ಮೇಲೆ ಬಿಳಿ ಅಕ್ಷರ ಹೊಳೆಯುತ್ತಿತ್ತು.

ಬಿಳಿಯದು ಬಾಯಿಗೆ. ಯಜಮಾನರ ಕಣ್ಣಿಗೆ ಜೀವ ಬಂತು. ಎಂದಿನ ತುಂಬಿದ ದನಿಯಲ್ಲಿ, ಎಂದಿನ ಹಾಗೆ ನಡುವೆ ಒಂದು ಉಸಿರು ಬಿಟ್ಟು ಓದಿದರು.

"ನನಗೂ ಹೋಗಲು ಮನಸ್ಸಿಲ್ಲ."

ವಕೀಲರ ಬೆರಳು ನಿಂತಿತು. ಹಿಂದುಗಡೆ ಯಾರೋ ಅತ್ತರು, ಇನ್ನಾರೋ ಹೋಗಬೇಡಿ ಎಂದು ಕೂಗಿದರು.

ಯಜಮಾನರು ತಾವು ಆಡಿದ ಮಾತನ್ನೇ ಕೇಳಿಸಿಕೊಳ್ಳುವವರಂತೆ ನಿಂತಿದ್ದರು. ಆಮೇಲೆ ತಲೆ ಅಲ್ಲಾಡಿಸಿದರು.

"ಅಲ್ಲ. ಇದು ಸುಳ್ಳು," ಎಂದರು. "ಎಷ್ಟೋ ದಿನದಿಂದ ನನ್ನ ಹೆಂಡತಿ ಹತ್ತಿರ ಇದನ್ನೇ ಹೇಳ್ತಾ ಬಂದಿದೀನಿ. ಈಗ ಬಾಯಿಬಿಟ್ಟು ಹೇಳಿದ ಮೇಲೆ ಗೊತ್ತಾಯ್ತು. ನನಗೆ ಹೋಗೋ ಮನಸ್ಸಿದೆ. ಸಾಕಾಗಿದೆ ನನಗೆ."

ಅಲ್ಲಿಂದ ಮುಂದಕ್ಕೆ ಅವರು ಗಾಜು ನೋಡಲಿಲ್ಲ. ತಡವರಿಸಿದರು, ಹೇಳಿದ್ದನ್ನೇ ಎರಡು ಸಲ ಹೇಳಿದರು, ಒಂದು ಸಲ ನಕ್ಕರು. ಹೊಸ ಫೋನುಗಳು ತಮಗೇ ಅರ್ಥವಾಗುವುದಿಲ್ಲ ಎಂದರು, ಸಭೆಯಲ್ಲಿ ಕೂತಾಗ ನಿದ್ದೆ ಬರುತ್ತದೆ ಎಂದರು. ವಕೀಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಜಮಾನರು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಗಾಜಕ್ಕ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು, ಏರಿಸುವುದಕ್ಕೆ ಏನೂ ಇರಲಿಲ್ಲ. ಸಂತೋಷಪಡಬೇಕಿತ್ತು ನಿಜ. ಅವಳಿಗೆ ಹೊಟ್ಟೆ ಉರಿಯಿತು.

ಪರದೆ ಬಿದ್ದ ತಕ್ಷಣ ಮೇಲ್ವಿಚಾರಕಿ ಬಂದಳು. ಕೂಗಾಡಲಿಲ್ಲ. ಮೇಲಿನವರು ಕೇಳುತ್ತಿದ್ದಾರೆ, ನಾನು ನಿಮ್ಮ ಹೆಸರು ಹೇಳಲೇಬೇಕಾಯಿತು, ತರಬೇತಿ ಕೋಣೆಯ ಮಾತು ಮರೆತುಬಿಡಿ ಎಂದಳು. ಕೊರಳಿನ ಗುರುತಿನ ಚೀಟಿ ಹೊರಡುವಾಗ ಬಾಗಿಲಲ್ಲಿ ಕೊಟ್ಟು ಹೋಗಿ ಎಂದೂ ಹೇಳಿದಳು. ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಗಾಜಕ್ಕ ಆಗಲಿ ಎಂದು ಕೇಬಲ್ಲುಗಳನ್ನು ಸುತ್ತತೊಡಗಿದಳು. ಮನೆಗೆ ಹೋಗಿ ಗಂಡನ ಹತ್ತಿರ ಯಾವ ಮಾತಿನಿಂದ ಶುರುಮಾಡುವುದು ಎಂದು ಹೊಳೆಯಲಿಲ್ಲ.

ಆಗ ಪರದೆ ಸರಿಸಿಕೊಂಡು ಯಜಮಾನರು ಬಂದರು. ಆ ಮೂಲೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಇಷ್ಟು ಕತ್ತಲಲ್ಲಿ ಕೂತಿರ್ತೀರಾ ಎಂದು ಕಣ್ಣು ಕಿರಿದು ಮಾಡಿ ಸುತ್ತ ನೋಡಿದರು. ಮುಖ ಹಗುರಾಗಿತ್ತು, ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು.

"ಆ ಸಾಲು ನೀವೇ ಬರೆದದ್ದಲ್ವಾ? ನನ್ನ ಮನಸ್ಸಲ್ಲಿರೋದು ಇವರಿಗೆ ಹೇಗೆ ಗೊತ್ತಾಯ್ತು ಅಂದ್ಕೊಂಡೆ. ಓದಿದ ಮೇಲೆ ನೋಡಿದರೆ ಅದು ನನ್ನದೇ ಅಲ್ಲ."

"ನಂದು ಸರ್," ಎಂದಳು ಗಾಜಕ್ಕ. "ಹಳದೀಲಿ ಬರೀಬೇಕಿತ್ತು. ನನ್ನ ಕೆಲಸದ ಬಗ್ಗೆ ಬರೆದಿದ್ದೆ."

ಯಜಮಾನರ ನಗು ಅಲ್ಲಿಗೇ ನಿಂತಿತು. ಅವಳು ಕೇಬಲ್ಲು ಸುತ್ತುತ್ತಲೇ ಹೇಳಿದಳು, ತರಬೇತಿ ಕೋಣೆಯದು, ಪ್ಯಾರಾದ್ದು, ಬಾಗಿಲಲ್ಲಿ ಚೀಟಿ ಕೊಡಬೇಕಾದದ್ದು. ಗಂಡನ ಕಣ್ಣಿನ ಸಂಗತಿಯನ್ನೂ ಹೇಳಿಬಿಟ್ಟಳು. ಇಷ್ಟು ವರ್ಷದಲ್ಲಿ ಅವರೆದುರು ಅವಳು ಅಷ್ಟು ಉದ್ದಕ್ಕೆ ಮಾತಾಡಿದ್ದೇ ಇಲ್ಲ. ಬಣ್ಣದ ಕೋಣೆಯಲ್ಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು. ಅವಳು ಸುತ್ತಿದ ಕೇಬಲ್ಲಿಗೆ ಗಂಟು ಹಾಕಿದಳು.

"ಇದೊಂದು ದೊಡ್ಡ ವಿಷಯಾನಾ," ಎಂದರು ಯಜಮಾನರು. ದನಿಗೆ ಹಳೆಯ ಗತ್ತು ಬಂದಿತ್ತು. "ಇರಿ, ಈಗಲೇ ಹೇಳ್ತೀನಿ."

ಸ್ವಲ್ಪ ದೂರದಲ್ಲಿ ಮೇಲ್ವಿಚಾರಕಿ, ಮುಂದೆ ಮಾತಾಡಬೇಕಿದ್ದ ಹೊಸ ಮುಖ್ಯಸ್ಥರ ಕೋಟಿಗೆ ಮೈಕು ಸಿಕ್ಕಿಸುತ್ತಿದ್ದಳು. ಸುತ್ತ ಜನ ಮುತ್ತಿಕೊಂಡಿದ್ದರು. ಯಜಮಾನರು ಅವಳನ್ನು ಕರೆದರು. ಅವಳು ತಿರುಗಿ ನೋಡಿ, ಮರ್ಯಾದೆಯಿಂದಲೇ ನಕ್ಕು, ಒಂದು ಬೆರಳು ಎತ್ತಿದಳು.

"ಒಂದು ನಿಮಿಷ, ಸರ್."

ಮತ್ತೆ ಬೆನ್ನು ತಿರುಗಿಸಿ ಮೈಕಿನ ತಂತಿ ಸರಿಮಾಡತೊಡಗಿದಳು. ಯಜಮಾನರು ಎತ್ತಿದ ಕೈ ಹಾಗೇ ಇಟ್ಟುಕೊಂಡು ನಿಂತರು. ನಿಮಿಷ ಕಳೆಯಿತು, ಅದರ ಹಿಂದಿನಿಂದ ಇನ್ನೂ ಕೆಲವು ಕಳೆದವು. ಆ ಗುಂಪಿನಿಂದ ಯಾರೂ ಈ ಕಡೆ ಬರಲಿಲ್ಲ. ಕೈ ಕೆಳಗಿಳಿಸಿ ಅವರು ಗಾಜಕ್ಕನ ಕಡೆ ನೋಡಿದರು. ಏನೋ ಕೇಳಬೇಕೆಂದಿದ್ದವರಿಗೆ ಕೇಳುವುದು ಹೇಗೆಂದು ತಿಳಿಯದಂತೆ ಇತ್ತು ಆ ಮುಖ.

ಒಂದು ನಿಮಿಷ ಎಂದರೆ ಎಷ್ಟೆಂದು ಗಾಜಕ್ಕನಿಗೆ ಗೊತ್ತಿತ್ತು. ಅವಳು ಸುತ್ತಿದ ಕೇಬಲ್ಲನ್ನು ಪಕ್ಕಕ್ಕಿಟ್ಟು, ತನ್ನ ಸ್ಟೂಲನ್ನು ಸೆರಗಿನಿಂದ ಒರೆಸಿ ಅವರ ಕಡೆ ಸರಿಸಿದಳು.

"ಕೂತ್ಕೊಳ್ಳಿ ಸರ್," ಎಂದಳು. "ಅವರು ಬರೋದು ಹೊತ್ತಾಗುತ್ತೆ."

ಯಜಮಾನರು ಕೂತರು.