ಸೇತುರಾಕ್ಕು ಓಗೊಟ್ಟದ್ದು

ನಮ್ಮ ಕೇರಿಯಲ್ಲಿ ಸೇತುರಾಕ್ಕುವನ್ನು ಮೂರು ಸಲ ಕರೆಯಬೇಕಿತ್ತು. ಒಂದಕ್ಕೆ ತಿರುಗುತ್ತಿರಲಿಲ್ಲ, ಎರಡಕ್ಕೂ ಇಲ್ಲ. ಮೂರನೆಯದಕ್ಕೆ ಥಟ್ಟನೆ "ಏನೇ?" ಎನ್ನುತ್ತಿದ್ದಳು. ಕಿವುಡಿಯೇನಲ್ಲ; ಮೂರು ಮನೆಯಾಚೆ ಬಾಣಲೆಯಲ್ಲಿ ಮೀನು ಚುರುಗುಟ್ಟಿದರೂ ಅವಳಿಗೆ ಕೇಳುತ್ತಿತ್ತು. "ನಮ್ಮತ್ತೆಗೆ ಬಿಂಕ ಜಾಸ್ತಿ, ಪುಗಸಟ್ಟೆ ಓಗೊಡಲ್ಲ" ಎಂದು ನಾವು ನಗುತ್ತಿದ್ದೆವು. ಇಡೀ ಕೇರಿಗೆ ಅವಳು ಅತ್ತೆ; ಹೆಸರು ಹಿಡಿದು ಕರೆಯುತ್ತಿದ್ದವನು ಅವಳ ಗಂಡ ಮಾತ್ರ.

ಪಾಂಬನ್‌ ಕಡೆಯ ನಾವು ಹೆಂಗಸರು ಮುಳುಗಿ ಕಡಲಪಾಚಿ ಕೀಳುವವರು. ಬೆರಳಿಗೆ ಬಟ್ಟೆ ಸುತ್ತಿ, ಅಂಗಾಲಿಗೆ ತಗಡು ಕಟ್ಟಿ, ಸೊಂಟಕ್ಕೆ ಚೀಲ ಬಿಗಿದು ಇಳಿಯುತ್ತೇವೆ. ಸೇತುರಾಕ್ಕು ಮಾತ್ರ ಮೂವತ್ತೊಂಬತ್ತು ವರ್ಷ ದಡದಲ್ಲೇ ಉಳಿದು ನಮ್ಮ ಪಾಚಿಯನ್ನು ಮರಳ ಮೇಲೆ ಹರಡಿ ಒಣಗಿಸಿದಳು. ಅಲೆ ಹತ್ತಿರ ಬಂದರೆ ಸೀರೆ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದಳು. ಅವಳ ಅಕ್ಕ ಪೂರಣಂ ಹರೆಯದಲ್ಲೇ ಅದೇ ನೀರಿಗಿಳಿದು ಮರಳಿ ಬಂದಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ. ಆ ಭಯ ಇರಬೇಕೆಂದು ನಾವು ಅಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ಅವಳೂ ನಾನೂ ಪಾಚಿ ತಿರುವಿಹಾಕುತ್ತಿದ್ದೆವು. ಗುಡಿಸಲ ಹಿಂದಿನಿಂದ ಅವಳ ಗಂಡ ನಂಬುರಾಜನ್ "ಸೇತೂ" ಎಂದ. ಸ್ವಲ್ಪ ತಡೆದು ಮತ್ತೆ, "ಸೇತೂ". ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. ತುಟಿ ಏನೋ ಎಣಿಸುವಂತೆ ಅಲುಗುತ್ತಿತ್ತು.

"ಅತ್ತೆ, ಮಾವ ಕರೀತಿದಾರೆ" ಎಂದೆ.

ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಮೂರನೆಯ ಕರೆ ಬರಲಿಲ್ಲ. ನಾವು ಹೋಗಿ ನೋಡುವಷ್ಟರಲ್ಲಿ ಅವನು ನೆಲಕ್ಕೆ ಬಿದ್ದಿದ್ದ, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಜೀವ ಉಳಿಯಿತು, ಮಾತು ಹೋಯಿತು. "ಆ... ಆ..." ಎನ್ನುವುದಷ್ಟೇ ಉಳಿಯಿತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಬಂದಳು.

"ಕಾಳೀ, ನನ್ನ ನೀರಿಗಿಳಿಸು. ಮುಳುಗೋದು ಕಲಿಸು."

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಒಂದು ವರ್ಷ ಮುಂಚೇನೇ ಬಂತಾ ಅತ್ತೆ?"

ಅವಳು ನಗಲಿಲ್ಲ. ಹೊಸ್ತಿಲ ಮೇಲೆ ಕೂತು, ಯಾರಿಗೂ ಹೇಳದೇ ಇದ್ದುದನ್ನು ಹೇಳಿದಳು.

"ಅಕ್ಕ ಕಡಲೊಳಗಿನ ಬಂಡೆ ಆಚೆ ಪಾಚಿಗೆ ಮುಳುಗಿದ್ಲು. ನಾನು ದಡದಲ್ಲಿದ್ದೆ. ನಡುಮಧ್ಯಾಹ್ನ. ಆ ಕಡೆಯಿಂದ 'ಸೇತೂ' ಅಂತ ಕೇಳಿಸ್ತು. ನಮ್ಮಜ್ಜಿ ಹೇಳಿದ್ಲಲ್ಲ, ಆ ಹೊತ್ತಲ್ಲಿ ನೀರು ಕರೆದ್ರೆ ಓಗೊಡಬಾರ್ದು, ಅದಕ್ಕೆ ಎರಡೇ ಸಲ ಕರೆಯೋಕಾಗೋದು, ಮೂರನೇದು ಬಂದ್ರೆ ಮನುಷ್ಯರು ಅಂತ. ಎರಡನೇದೂ ಬಂತು. ನಾನು ಎಣಿಸ್ತಾ ನಿಂತೆ ಕಾಳಿ. ಮೂರನೇದು ಬರ್ಲೇ ಇಲ್ಲ."

ನಾನು ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ.

"ಅವತ್ತಿಂದ ದಿನಾ ಬರುತ್ತೆ. ಇಳಿತದ ಹೊತ್ತಿಗೆ. ಎರಡೇ ಸಲ."

"ಇವತ್ತೂ ಬಂತಾ?"

"ನೀನು ಅರಳುಮರಳು ಅಂದಾಗ ಬಂತಲ್ಲ."

ನನಗೆ ಕೇಳಿಸಿದ್ದು ತಾಳೆಗರಿ ಗಾಳಿಗೆ ಉಜ್ಜಿದ ಸದ್ದು ಮಾತ್ರ.

"ಇನ್ನು ನನ್ನ ಹೆಸರು ಹಿಡಿದು ಕರೆಯೋದು ಅದೊಂದೇ" ಎಂದಳು. "ದೆವ್ವಾನೋ, ಅಕ್ಕಾನೋ. ಹೋಗಿ ಓಗೊಟ್ಟು ಬರ್ತೀನಿ."

ಮೊದಲ ವಾರ ಪಾದ ಮುಳುಗುವಷ್ಟು ನೀರಿನಲ್ಲೇ ನಡುಗಿದಳು, ದಡಕ್ಕೆ ಬಂದು ವಾಂತಿ ಮಾಡಿದಳು. ದೋಣಿಯಲ್ಲಿದ್ದ ಹೆಂಗಸರು "ಮದುಮಗಳು ಬಂದ್ಲು, ಆರತಿ ತನ್ರೇ" ಎಂದು ಆಡಿಕೊಂಡರು. ಅವಳು ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಅವರ ನಗು ತಾನಾಗಿ ನಿಂತಿತು. ಸೊಂಟದ ತನಕ ಇಳಿಯಲು ಎರಡು ತಿಂಗಳು ಹಿಡಿಯಿತು. ಪೊಂಗಲ್ ಕಳೆಯುವ ಹೊತ್ತಿಗೆ ನೀರೊಳಗೆ ಕಣ್ಣು ಬಿಟ್ಟಳು, ಉಸಿರು ಹಿಡಿದಳು, ತಳ ಮುಟ್ಟಿದಳು.

ಆಮೇಲೆ ಒಂದು ದಿನ ಅವಳೇ ಆ ಬಂಡೆಯ ಕಡೆ ಕೈ ತೋರಿದಳು. ಉರಿಬಿಸಿಲು, ನೀರು ಇಳಿಯುತ್ತಿತ್ತು. ಇಬ್ಬರೂ ಒಟ್ಟಿಗೆ ಮುಳುಗಿದೆವು.

ನೀರೊಳಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಇಪ್ಪತ್ತು ವರ್ಷ ಮುಳುಗಿದ ನನಗೆ ಅದು ಗೊತ್ತು. ಅಂದು ಕೇಳಿಸಿತು. "ಸೇತೂ." ಮತ್ತೆ, "ಸೇತೂ."

ಅವಳು ಬಂಡೆಯ ಬಿರುಕಿನತ್ತ ತಿರುಗಿ ಬಾಯಿ ತೆರೆದಳು. ಗುಳ್ಳೆಗಳು ಗೊಂಚಲಾಗಿ ಎದ್ದವು. ಏನೆಂದಳೋ, "ಬಂದೆ ಅಕ್ಕಾ" ಎಂದಿರಬೇಕು. ಆಗ ಮೂರನೆಯದು ಬಂತು, ನನ್ನ ಕಿವಿಯ ಪಕ್ಕದಲ್ಲೇ. ಹರೆಯದ ಹೆಣ್ಣಿನ ದನಿ. ಅದರಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ನಾನು ಹೆದರಿ ಮೇಲಕ್ಕೆ ಎದ್ದುಬಿಟ್ಟೆ.

ಅವಳು ಬರಲಿಲ್ಲ. ಎರಡು ಸಲ ಉಸಿರೆಳೆದುಕೊಂಡು ಮತ್ತೆ ಮುಳುಗಬೇಕೆನ್ನುವಾಗ ಬಂಡೆಯ ಆಚೆ ತಲೆ ಎತ್ತಿದಳು. ಕೆಮ್ಮಿ ಉಪ್ಪುನೀರು ಉಗಿದಳು. ಇಳಿಯುವಾಗ ಖಾಲಿಯಿದ್ದ ಅವಳ ಚೀಲ ಪಾಚಿಯಿಂದ ಬಾಯಿತನಕ ತುಂಬಿತ್ತು. ಎಷ್ಟೇ ಪಳಗಿದವಳಾದರೂ ಒಂದು ಉಸಿರಿಗೆ ಅಷ್ಟು ಕೀಳಲಾರಳು. ಅವಳ ಬೆರಳಿನ ಬಟ್ಟೆ ಒಂದೆಳೆಯೂ ಹರಿದಿರಲಿಲ್ಲ.

"ಇದ್ಯಾರು ಕಿತ್ತಿದ್ದು?" ಎಂದೆ.

ಚೀಲವನ್ನು ತಿರುಗಿಸಿ ನೋಡಿದಳು. "ಅಕ್ಕಂದು ಯಾವಾಗ್ಲೂ ಚುರುಕು ಕೈ" ಎಂದಳು.

ಅಂದಿನಿಂದ ಕೇರಿಯಲ್ಲಿ ಯಾರು ಕರೆದರೂ ಒಂದೇ ಸಲಕ್ಕೆ ಓಗೊಟ್ಟಳು. ನಂಬುರಾಜನ್ "ಆ" ಎಂದರೆ ಗಂಜಿಯೋ, ಬೀಡಿಯೋ, ಬರಿಯ ಬೇಸರವೋ ಎಂದು ಅವಳಿಗೆ ತಿಳಿಯತೊಡಗಿತು. ನೀರಿಗೆ ಹೆದರುವ ಕೇರಿಯ ಸೊಸೆಯಂದಿರನ್ನು ಕೈಹಿಡಿದು ಇಳಿಸಿದಳು. ಇಲ್ಲಿಯತನಕ ಹನ್ನೊಂದು ಜನ ಕಲಿತಿದ್ದಾರೆ. ವಾಂತಿ ಮಾಡಿದವರನ್ನು ಆಡಿಕೊಳ್ಳಲು ಯಾರಿಗೂ ಬಿಡುವುದಿಲ್ಲ.

"ಈಗ್ಲೂ ಕೇಳಿಸುತ್ತಾ?" ಎಂದು ಹೋದ ವರ್ಷ ಕೇಳಿದೆ.

"ಇಲ್ಲ. ಮೊದಮೊದಲು ಅದೇ ಕಷ್ಟ ಆಯ್ತು. ಇಳಿತದ ಹೊತ್ತು ಏನು ಮಾಡ್ಬೇಕು ಅಂತಾನೇ ತಿಳೀತಿರ್ಲಿಲ್ಲ."

ಅವಳಿಗೆ ಈಗ ಅರವತ್ತಾರು. ಎಲ್ಲ ಕಡೆ ಪಾಚಿ ತೆಳುವಾದರೂ ಆ ಬಂಡೆಯ ಸುತ್ತ ದಟ್ಟವಾಗಿ ಬೆಳೆಯುತ್ತದೆ. ಅವಳೊಬ್ಬಳೇ ಅಲ್ಲಿಗೆ ಹೋಗುತ್ತಾಳೆ. ನನ್ನನ್ನೂ ಕರೆಯುತ್ತಾಳೆ. ನಾನು ಹೋಗಿಲ್ಲ.