ಆನೆ ಸಾಲಿನ ಅವ್ವ

ಆಕೆಯ ಎತ್ತರ ಎಷ್ಟೆಂದು ನನಗೆ ತಿಳಿದದ್ದು ಪರಿಚಯವಾಗಿ ಆರು ತಿಂಗಳಾದ ಮೇಲೆ. ಕಂಡಾಗಲೆಲ್ಲ ಕುಕ್ಕರಗಾಲಲ್ಲೇ ಇರುತ್ತಿದ್ದಳು. ಕೈಯಲ್ಲಿ ಹುಲ್ಲು ಕೆತ್ತುವ ಕುರ್ಚಿಗಿ, ಹೆಬ್ಬೆರಳ ಉಗುರಿನೊಳಗೆ ಎಷ್ಟು ತೊಳೆದರೂ ಹೋಗದ ಹಸಿರು. ಹಂಪಿಯ ಗುಡಿಗಳ ಬುಡದಲ್ಲಿ ಹುಲ್ಲು ಕೀಳುವುದು ಆಕೆಯ ಕೆಲಸ. ಬಿಸಿಲು ಸರಿದಂತೆ ನೆರಳಿನ ಜೊತೆ ತಾನೂ ಸರಿಯುತ್ತಿದ್ದಳು. ಹತ್ತು ಗಂಟೆಗೆ ಯಾವ ಗೋಡೆಗೆ ನೆರಳು, ಮೂರಕ್ಕೆ ಯಾವುದಕ್ಕೆ ಎಂದು ಕೇಳಿದರೆ ಯೋಚಿಸದೆ ಹೇಳುತ್ತಿದ್ದಳು. ನಾವು ಗೈಡುಗಳೆಲ್ಲ ಆಕೆಯನ್ನು ಅವ್ವ ಎನ್ನುತ್ತಿದ್ದೆವು.

ನಾನಾಗ ಹೊಸ ಗೈಡು, ಹೊಸಪೇಟೆಯವನು, ಬಾಯಿಪಾಠದ ಗಿರಾಕಿ. ಇಸವಿ, ಅರಸರ ಹೆಸರು ಒದರುತ್ತ ಮುಂದೆ ಓಡುತ್ತಿದ್ದೆ. ಪ್ರವಾಸಿಗರು ಹಿಂದೆ ಏದುಸಿರು ಬಿಡುತ್ತಿದ್ದರು. ಒಮ್ಮೆ ಕರೆದವರು ಮತ್ತೆ ಕರೆಯುತ್ತಿರಲಿಲ್ಲ. ಯುಗಾದಿಯೊಳಗೆ ಈ ಕೆಲಸ ಕೈ ಹಿಡಿಯದಿದ್ದರೆ ವಡ್ಡು ಊರಿನ ಕಡೆಯ ಉಕ್ಕಿನ ಕಾರ್ಖಾನೆಗೆ ಸೇರಿಸುತ್ತೇನೆಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಕಲ್ಲು ಬಿಟ್ಟು ಕಬ್ಬಿಣಕ್ಕೆ ಹೋಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಶಿವರಾತ್ರಿ ಕಳೆದ ವಾರ ಒಂದು ಕುಟುಂಬ ಬಂತು, ಜೊತೆಗೆ ಅಜ್ಜಿಯೊಬ್ಬರು. ಊಟದ ಹೊತ್ತಿಗೆ ಏಳು ಜಾಗ ಮುಗಿಸುವ ಹುಮ್ಮಸ್ಸು ನನ್ನದು. ಹಜಾರ ರಾಮನ ಗುಡಿ ಮುಟ್ಟುವಷ್ಟರಲ್ಲಿ ಅಜ್ಜಿ, ತನಗಿನ್ನು ಸಾಕು, ಕಾರಿಗೆ ನಡೆಯಿರಿ ಎಂದರು. ಮಗ ಜೇಬಿನಿಂದ ಗಾಡಿಯ ಕೀಲಿ ತೆಗೆದ. ನಾನು ಇನ್ನೂ ಇಸವಿ ಹೇಳುತ್ತಲೇ ಇದ್ದೆ. ಆಗ ಗೋಡೆಯ ಬುಡದಿಂದ ಅವ್ವನ ದನಿ ಬಂತು.

“ತಮ್ಮಾ, ಕಾಲು ನೋಯೋರಿಗೆ ಕಲ್ಲು ಕಾಣಂಗಿಲ್ಲ. ಮೊದ್ಲ ಕುಂದ್ರಸು, ಆಮ್ಯಾಲ ಮಾತಾಡು.”

ತನ್ನ ಗೋಣಿತಟ್ಟು ಹಾಸಿ ಅಜ್ಜಿಯನ್ನು ನೆರಳಿಗೆ ಕೂರಿಸಿದಳು. ಕೂತವರ ಕಣ್ಣಿಗೆ ನೇರವಾಗಿ ಸಿಗುವುದು ಗೋಡೆಯ ಕೆಳಗಿನ ಆನೆ ಸಾಲು. ಒಂದೊಂದು ಆನೆಯನ್ನೂ ಆಕೆ ಮನೆಯ ಎಮ್ಮೆಗಳಂತೆ ಬಲ್ಲವಳು. ಇದು ಹಟಮಾರಿ, ಇದು ಹಿಂದಿನದಕ್ಕೆ ದಾರಿ ಬಿಡುವುದಿಲ್ಲ, ಇದಕ್ಕೆ ಮೂರು ಹೊತ್ತೂ ಹಸಿವು ಎಂದು ಪರಿಚಯ ಮಾಡಿಸಿದಳು. ಅಜ್ಜಿ ನಕ್ಕರು. ಮೊಮ್ಮಕ್ಕಳು ಕೂತರು, ಮಗನೂ ಕೀಲಿ ಜೇಬಿಗಿಟ್ಟು ಕೂತ. ಒಂದು ತಾಸು ಯಾರೂ ಏಳಲಿಲ್ಲ. ಉಳಿದದ್ದನ್ನು ನಾಳೆ ನೋಡುತ್ತೇವೆ, ನೀವೇ ಬರಬೇಕು ಎಂದು ನನಗೆ ಹೇಳಿ ಹೋದರು. ಅಂದಿನಿಂದ ನಾನು ಆಕೆ ಹೇಳಿದ ನೆರಳು ಹಿಡಿದೇ ಜನರನ್ನು ಕರೆದೊಯ್ಯತೊಡಗಿದೆ. ಯುಗಾದಿ ಬಂತು, ಅಣ್ಣ ಕಾರ್ಖಾನೆಯ ಮಾತೆತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಮಂಡಿ ನೋವಿಗೆ ಆಕೆ ಕೆಲಸ ಬಿಟ್ಟು ಚೋರನೂರಿನ ಮಗಳ ಮನೆಗೆ ಹೋದಳು. ಹೋಗುವಾಗ, ಒಂದು ಸಲ ಕುರ್ಚಿಗಿ ಹಿಡಿಯದೆ ಬರಿಗೈಯಲ್ಲಿ ಹಂಪಿ ನೋಡುವ ಆಸೆ ಎಂದಿದ್ದಳು. ಕಳೆದ ಕಾರ್ತಿಕದಲ್ಲಿ ಕರೆತಂದೆ. ಇಳಕಲ್ ಸೀರೆ ಉಟ್ಟು, ಮಗಳ ಹೆಗಲು ಹಿಡಿದು ಬಂದಳು. ಅದೇ ಗೋಡೆಯ ಎದುರು ನಿಂತು, ಆನೆಗಳ ಮೇಲಿರುವುದೇನು ಎಂದು ಕೇಳಿದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ.

“ಇಷ್ಟು ವರ್ಷ ನಾ ಆನಿ ಸಾಲು ಬಿಟ್ಟು ಮ್ಯಾಲ ನೋಡೇ ಇಲ್ಲಪ್ಪ. ತಲಿ ಎತ್ತಿ ಕುಂತ್ರ ಕೆಲ್ಸ ಆಗ್ಬೇಕಲ್ಲ.”

ನನಗೆ ಅನ್ನದ ದಾರಿ ತೋರಿದವಳಿಗೆ ಕೊಡಲು ನನ್ನಲ್ಲಿದ್ದದ್ದು ಮಾತೊಂದೇ. ಕಟ್ಟೆಯ ಮೇಲೆ ಕೂರಿಸಿ ಸಾಲಿನಿಂದ ಸಾಲಿಗೆ ಹೇಳುತ್ತ ಹೋದೆ: ಕುದುರೆಗಳು, ಪಡೆ, ಕುಣಿಯುವ ಹೆಂಗಸರು. ಆಮೇಲೆ ಒಳಗೆ ಕರೆದೊಯ್ದು ಗೋಡೆಯ ಮೇಲಿನ ರಾಮನ ಕಥೆಯನ್ನೂ ಶುರು ಮಾಡಿದೆ. ದಣಿದಿರಬಹುದೆಂದು ನಡುವೆ ನಿಲ್ಲಿಸಿದೆ. ಆಕೆ ಗೋಡೆಯಿಂದ ಕಣ್ಣು ಕೀಳದೆ ಸೆರಗು ಸರಿಮಾಡಿಕೊಂಡು, “ಮುಂದ ಹೇಳು” ಎಂದಳು.